ನಿಂಬಕ್ಕನ ಮನೆಯ ಎಣ್ಣೆನೀರು

ನಿಂಬೆಹಣ್ಣನ್ನು ಕಾಯುವುದು ಅದರ ಹುಳಿ. ಪ್ರಪಂಚ ಹೊಸದಾಗಿದ್ದಾಗ ಎಲ್ಲರೂ ಹೀಗೇ ನಂಬಿದ್ದರು.

ಎಲ್ಲರೂ ಅಂದರೆ ಎಲ್ಲರೂ. ಗಾಳಿ ನಂಬಿತ್ತು, ಹೊಳೆ ನಂಬಿತ್ತು, ಹೊಳೆದಂಡೆಯ ಮರಗಳೆಲ್ಲ ನಂಬಿದ್ದವು. ಯಾರೂ ಬಿಡಿಸಿ ನೋಡಿ ಹೇಳಿದ್ದಲ್ಲ. ಹುಣಸಜ್ಜ ಹೇಳಿದ್ದ, ಅಷ್ಟು ಸಾಕಾಗಿತ್ತು.

ಆಗ ಪ್ರಪಂಚ ಎಷ್ಟು ಹೊಸದೆಂದರೆ, ಬೆಟ್ಟಗಳು ಇನ್ನೂ ಸರಿಯಾಗಿ ಕುಳಿತಿರಲಿಲ್ಲ. ಆಗಾಗ ಮಗ್ಗುಲು ಬದಲಿಸುತ್ತಿದ್ದವು. ಆಮೆಗೆ ತನ್ನ ಬೆನ್ನ ಮೇಲಿರುವುದು ತನ್ನದೇ ಮನೆ ಎಂದು ಗೊತ್ತಿರಲಿಲ್ಲ. ಯಾರೋ ಹೊರಿಸಿ ಹೋದ ಸಾಮಾನು, ಇವತ್ತಲ್ಲ ನಾಳೆ ಬಂದು ಇಳಿಸಿಕೊಳ್ಳುತ್ತಾರೆ ಎಂದು ದಂಡೆಯ ಮೇಲೆ ಕಾಯುತ್ತಿತ್ತು. ಒಂದೊಂದು ಜಾತಿಗೆ ಒಂದೊಂದೇ ಮರವಿತ್ತು. ಹುಣಸೆ ಅಂದರೆ ಒಂದೇ ಹುಣಸೆ. ಸೀಬೆ ಅಂದರೆ ಒಂದೇ ಸೀಬೆ. ಹೊಳೆಯ ತಿರುವಿನಲ್ಲಿ, ಮೈತುಂಬ ಮುಳ್ಳಿಟ್ಟುಕೊಂಡು ನಿಂತಿದ್ದ ನಿಂಬೆ ಅಂದರೆ ಒಬ್ಬಳೇ ನಿಂಬಕ್ಕ.

ನಿಂಬಕ್ಕನ ಹಣ್ಣು ಆಗಲೂ ದುಂಡಗೆ, ಹಳದಿಯಾಗಿ, ಹುಳಿಯಾಗಿ ಇತ್ತು. ವಾಸನೆ ಮಾತ್ರ ಇರಲಿಲ್ಲ. ಸಿಪ್ಪೆ ಒಣಗಿದ ಎಲೆಯ ಹಾಗೆ ಸಪ್ಪೆ.

ಆ ಕಾಲದಲ್ಲಿ ಒಂದು ಕಟ್ಟಳೆ ಇತ್ತು. ಹೆರಿಗೆಗೆ ಬಂದವಳನ್ನು ಬಾಗಿಲಿಂದ ಹಿಂದೆ ಕಳಿಸಬಾರದು. ಯಾರೇ ಬರಲಿ, ಜಾಗ ಕೊಡಬೇಕು, ಬಾಣಂತನ ಮಾಡಬೇಕು. ಕಟ್ಟಳೆ ಮಾಡಿದವರು ಜಿಂಕೆಯನ್ನು ನೆನೆಸಿಕೊಂಡಿದ್ದರು, ಗುಬ್ಬಚ್ಚಿಯನ್ನು ನೆನೆಸಿಕೊಂಡಿದ್ದರು. ನೊಣವನ್ನು ನೆನೆಸಿಕೊಂಡಿರಲಿಲ್ಲ. ಕಟ್ಟಳೆ ಮಾಡುವವರು ಸಾಮಾನ್ಯವಾಗಿ ಅಷ್ಟು ದೂರ ಯೋಚಿಸುವುದಿಲ್ಲ.

ಒಂದು ಬೆಳಿಗ್ಗೆ ನಿಂಬಕ್ಕನ ಮುಂದೆ ಒಂದು ಹಣ್ಣುನೊಣ ಬಂದು ನಿಂತಿತು. ಹೆಸರು ಸೂಜವ್ವ. ಸಣ್ಣ ಸೊಂಟ, ದೊಡ್ಡ ಹೊಟ್ಟೆ, ಹೊಟ್ಟೆಯ ತುದಿಯಲ್ಲಿ ಸೂಜಿಯಂಥ ಮೊನೆ.

"ಅಕ್ಕಾ, ಮನೇಲಿದೀರಾ?"

"ಮರ ಇನ್ನೆಲ್ಲಿಗೆ ಹೋಗುತ್ತಮ್ಮ? ಬಾ."

"ಬಾಣಂತನಕ್ಕೆ ಬಂದಿದೀನಿ ಅಕ್ಕ. ನನಗೆ ತವರಿಲ್ಲ. ಇಲ್ಲ ಅನ್ನಬೇಡಿ."

ಇಲ್ಲ ಅನ್ನುವ ಹಾಗೆಯೇ ಇರಲಿಲ್ಲ. ನಿಂಬಕ್ಕ ಹಣ್ಣುಗಳನ್ನು ತೋರಿಸಿ, "ಯಾವುದರಲ್ಲಿ ಬೇಕೋ ಇರು" ಅಂದಳು. ಮನಸ್ಸಿನಲ್ಲಿ, ಒಳಗೆ ಹುಳಿ ಇದೆಯಲ್ಲ, ಎಷ್ಟು ದಿನ ಇದ್ದಾಳು ಎಂದುಕೊಂಡಳು.

ಸೂಜವ್ವ ಇದ್ದಳು. ಸಿಪ್ಪೆಯಲ್ಲಿ ಸೂಜಿ ಊರಿದಳು, ಮೊಟ್ಟೆ ಇಟ್ಟಳು, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ" ಎಂದು ಹರಸಿ ಹೋದಳು. ಮೊಟ್ಟೆ ಒಡೆದು ಮರಿಹುಳಗಳು ಬಂದವು. ಸಿಪ್ಪೆಯಿಂದ ಶುರುಮಾಡಿ ಒಳಗೆ ಹೋದವು. ಹಣ್ಣು ಮೆತ್ತಗಾಯಿತು, ಕಪ್ಪಾಯಿತು, ಬೀಜ ಬಲಿಯುವ ಮೊದಲೇ ಕೆಳಗೆ ಬಿದ್ದು ಕೊಳೆಯಿತು.

ಹೋದವಳು ತಿರುಗಿ ಬಂದಳು. ತನ್ನ ಅಕ್ಕತಂಗಿಯರನ್ನೂ ಕರೆತಂದಳು. ಪ್ರತಿ ಫಸಲಿಗೂ ಬಾಣಂತನ, ಪ್ರತಿ ಫಸಲೂ ನೆಲದ ಪಾಲು.

ನಿಂಬಕ್ಕನ ಕಾಲಬುಡದಲ್ಲಿ ಹುಲ್ಲು ಹುಟ್ಟಿತು, ಕಳೆ ಹುಟ್ಟಿತು. ನಿಂಬೆ ಸಸಿ ಹುಟ್ಟಲಿಲ್ಲ. ಅವಳ ಕೊಂಬೆಗಳು ಒಂದೊಂದಾಗಿ ಒಣಗುತ್ತಿದ್ದವು. ಪ್ರಪಂಚದಲ್ಲಿ ಇನ್ನೊಂದು ನಿಂಬೆ ಮರ ಇರಲಿಲ್ಲ. ಅವಳು ಹೋದರೆ ನಿಂಬೆ ಅನ್ನುವುದೇ ಹೋಗುತ್ತಿತ್ತು. ಇದು ಅವಳಿಗೆ ಗೊತ್ತಿತ್ತು. ಬೇರೆಯವರಿಗೂ ಗೊತ್ತಿತ್ತು, ಅವರು ಪಾಪ ಅನ್ನುತ್ತಿದ್ದರು.

ನಿಂಬಕ್ಕ ಹುಣಸಜ್ಜನನ್ನು ಕೇಳಿದಳು. ಹೊಳೆದಂಡೆಯಲ್ಲಿ ಎಲ್ಲರೂ ಎಲ್ಲದಕ್ಕೂ ಹುಣಸಜ್ಜನನ್ನೇ ಕೇಳುತ್ತಿದ್ದರು. ಅವನಿಗೆ ವಯಸ್ಸಾಗಿತ್ತು, ನೆರಳು ದೊಡ್ಡದಿತ್ತು, ಮಾತು ನಿಧಾನವಿತ್ತು. ಮೂರೂ ಇದ್ದರೆ ಜನ ಬುದ್ಧಿ ಇದೆ ಅಂದುಕೊಳ್ಳುತ್ತಾರೆ.

"ಹುಳಿ ಸಾಲದು" ಅಂದ ಹುಣಸಜ್ಜ. "ಹುಳಿ ಜಾಸ್ತಿ ಮಾಡು."

ನಿಂಬಕ್ಕ ಹುಳಿ ಜಾಸ್ತಿ ಮಾಡಿದಳು. ಸೂಜವ್ವ ಬಂದಳು, ಮೊಟ್ಟೆ ಇಟ್ಟಳು, ಹಣ್ಣು ಬಿತ್ತು.

"ಇನ್ನೂ ಹುಳಿ ಮಾಡು."

ಇನ್ನೂ ಮಾಡಿದಳು. ಎಲೆಗೆ ಸೇರಬೇಕಾದ ಸತ್ವವನ್ನೂ ಹುಳಿಗೇ ಹಾಕಿದಳು. ಎಲೆ ಸಣ್ಣದಾಯಿತು. ಹಣ್ಣು ಕಚ್ಚಿದ ಕೋತಿ ಮುಖ ಕಿವುಚಿಕೊಂಡು ಹೊಳೆಗೆ ಬಿದ್ದಿತು. ಸೂಜವ್ವ ಬಂದಳು, ಮೊಟ್ಟೆ ಇಟ್ಟಳು, ಹಣ್ಣು ಬಿತ್ತು.

"ಅಜ್ಜ, ಇದಕ್ಕಿಂತ ಹುಳಿ ನನ್ನ ಕೈಲಾಗಲ್ಲ."

"ಅದೇ ನೋಡು ನಿನ್ನ ತೊಂದರೆ. ಹುಳಿ ಮೇಲೆ ನಿನಗೆ ನಂಬಿಕೆ ಇಲ್ಲ. ನನ್ನ ನೋಡು. ನಖಶಿಖಾಂತ ಹುಳಿ. ನನ್ನ ಮನೆಗೆ ಯಾವಳಾದರೂ ಬಂದಿದ್ದಾಳಾ ಬಾಣಂತನಕ್ಕೆ?"

ಹಾಗೆ ಹೇಳುತ್ತಾ ಹುಣಸಜ್ಜ ಮೈ ಕೊಡವಿದ. ಕಾಯಿಗಳು ಗಿಲಗಿಲ ಅಂದವು. ಆ ಗಿಲಗಿಲದ ಒಳಗಿಂದ ಇನ್ನೊಂದು ಸದ್ದು, ಸಣ್ಣಗೆ, ಕರಕರ ಎಂದು ಕೇಳಿಸಿತು.

"ಅದೇನು ಅಜ್ಜ, ಕರಕರ ಅಂತ?"

"ಗಾಳಿ."

"ನಾನಲ್ಲ" ಅಂದಿತು ಗಾಳಿ.

"ವಯಸ್ಸಿಗೆ ಮೈ ಕೆರೆಯುತ್ತೆ" ಅಂದ ಹುಣಸಜ್ಜ. "ನೀನು ನಿನ್ನ ಹುಳಿ ನೋಡ್ಕೋ ಹೋಗು."

ಅವನ ಕಾಯಿಯನ್ನು ಯಾರೂ ಬಿಡಿಸಿ ನೋಡಲಿಲ್ಲ. ದೊಡ್ಡವರ ಕಾಯಿ ಬಿಡಿಸುವುದು ಮರ್ಯಾದೆಯಲ್ಲ.

ನಿಂಬಕ್ಕ ತನ್ನದನ್ನು ಬಿಡಿಸಿ ನೋಡಿದಳು. ಆವತ್ತು ತಾನೇ ಬಿದ್ದಿದ್ದ ಹಣ್ಣೊಂದು ಕಲ್ಲಿಗೆ ತಾಗಿ ಬಾಯಿ ಬಿಟ್ಟಿತ್ತು. ಅಷ್ಟು ದಿನ ಅವಳು ದುಃಖಪಟ್ಟಿದ್ದಳೇ ಹೊರತು ದಿಟ್ಟಿಸಿರಲಿಲ್ಲ. ಈಗ ದಿಟ್ಟಿಸಿದಳು. ಒಳಗಿನ ತೊಳೆಗಳು ಹಾಗೇ ಇದ್ದವು, ರಸ ತುಂಬಿ, ಹುಳಿಯಾಗಿ. ಸಿಪ್ಪೆ ಮಾತ್ರ ತೂತು ತೂತು. ಹುಳಿಗೂ ಹುಳಕ್ಕೂ ಇನ್ನೂ ಭೇಟಿಯೇ ಆಗಿರಲಿಲ್ಲ. ಹುಳಿಯ ಹತ್ತಿರ ಬರುವ ಹೊತ್ತಿಗೆ ಹುಳಗಳು ಸಿಪ್ಪೆ ತಿಂದು ದಷ್ಟಪುಷ್ಟವಾಗಿರುತ್ತಿದ್ದವು. ಆಮೇಲೆ ಹುಳಿಗೆ ಹೆದರುವವರು ಯಾರು?

ಮುಂದಿನ ಸಲ ಹೂ ಬಿಟ್ಟಾಗ ಒಂದೇ ಒಂದು ಕೊಂಬೆಯಲ್ಲಿ ಕಾಯಿ ಕಚ್ಚಿತು. ಉಳಿದ ಕೊಂಬೆಗಳಲ್ಲಿ ಜೀವವಿರಲಿಲ್ಲ. ಸೂಜವ್ವ ಜಾಗ ನೋಡಿಕೊಂಡು ಹೋಗಲು ಮೊದಲೇ ಬಂದಳು.

ನಿಂಬಕ್ಕ ನೇರವಾಗಿ ಕೇಳಿದಳು. "ಸೂಜವ್ವ, ನನ್ನ ಹುಳಿ ನಿನಗೆ ಏನೂ ಮಾಡಲ್ವಾ?"

"ನಾನೇಕೆ ನಿಮ್ಮ ಹುಳಿ ಮುಟ್ಟಲಿ ಅಕ್ಕ? ಬಂದೋರು ಅಡುಗೆಮನೆಗೆ ನುಗ್ಗಬಾರದು ಅಂತ ನಮ್ಮಮ್ಮ ಕಲಿಸಿದ್ದಾಳೆ. ನಮಗೆ ಜಗಲಿ ಸಾಕು. ಮಕ್ಕಳು ದೊಡ್ಡವಾದಮೇಲೆ ಒಳಗೆ ಹೋಗ್ತಾವೆ, ಅದು ಅವುಗಳ ಇಷ್ಟ."

"ಜಗಲೀಲಿ ಏನೂ ತೊಂದರೆ ಇಲ್ಲ ತಾನೆ?"

ಸೂಜವ್ವ ರೆಕ್ಕೆ ಒರೆಸಿಕೊಂಡಳು. "ನೀವು ಕೇಳಿದಿರಿ ಅಂತ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಜಾಗ ಏನೋ ಕೊಡ್ತೀರ. ಬಾಣಂತನ ಅಂದ್ಮೇಲೆ ಎಣ್ಣೆನೀರು ಬೇಡ್ವಾ? ಇಷ್ಟು ಸಲ ಬಂದೆ, ಒಂದು ಸಲ ಮೈಗೆ ಎಣ್ಣೆ ಕಂಡಿಲ್ಲ. ತೆಂಗಿನ ಮನೇಲಿ ನೋಡಿ, ಬಂದೋರಿಗೆಲ್ಲ ಎಣ್ಣೆ. ಹರಳಿನ ಮನೇಲೂ ಎಣ್ಣೆ. ನಿಮ್ಮ ಮನೇಲಿ ಬರೀ ಗೋಡೆ. ನಾನಾಗಿದ್ದಕ್ಕೆ ಯಾರ ಹತ್ರಾನೂ ಹೇಳಿಲ್ಲ."

ನಿಂಬಕ್ಕನಿಗೆ ಮೈಯೆಲ್ಲ ಮುಳ್ಳಾಯಿತು. ಮೊದಲೇ ಮುಳ್ಳಿತ್ತು, ಇನ್ನಷ್ಟಾಯಿತು. ಮಕ್ಕಳನ್ನೆಲ್ಲ ತಿಂದು ಮುಗಿಸಿದವಳು ಉಪಚಾರ ಸಾಲದು ಅನ್ನುತ್ತಿದ್ದಾಳೆ! ಆದರೆ ಕಟ್ಟಳೆಯ ಪ್ರಕಾರ ಅವಳು ಹೇಳಿದ್ದು ಸರಿ. ಬಾಣಂತಿಗೆ ಎಣ್ಣೆನೀರು ಹಾಕಬೇಕು. ನಿಂಬಕ್ಕ ಹಾಕಿರಲಿಲ್ಲ.

"ಈ ಸಲ ಬಂದಾಗ ಎಣ್ಣೆ ಇರುತ್ತೆ" ಅಂದಳು.

"ಇರಲಿ ಅಕ್ಕ, ಧಾರಾಳವಾಗಿ ಇರಲಿ" ಎಂದು ಸೂಜವ್ವ ಹಾರಿದಳು.

ಮಾತು ಕೊಟ್ಟಾಯಿತು. ಎಣ್ಣೆ ಮಾಡಲು ನಿಂಬಕ್ಕನಿಗೆ ಬರುತ್ತಿರಲಿಲ್ಲ. ಬರುತ್ತಿದ್ದುದು ಹುಳಿ ಒಂದೇ. ಹುಣಸಜ್ಜನನ್ನು ಕೇಳಿದ್ದರೆ ಹುಳಿಯಿಂದಲೇ ಎಣ್ಣೆ ತೆಗಿ ಅನ್ನುತ್ತಿದ್ದ. ಅವಳು ಕೇಳಲಿಲ್ಲ. ಮೊದಲು ಗಾಳಿಯನ್ನು ಕೇಳಿದಳು.

"ಎಣ್ಣೆ ಅಂದರೆ ಉರಿಯೋದು" ಅಂದಿತು ಗಾಳಿ. "ಉರಿಯೋದಕ್ಕೆ ಇಂಗಾಲ ಬೇಕು. ಇದ್ದಿಲು ಇದೆಯಲ್ಲ, ಅದರ ಒಳಗಿನ ಸರಕು. ನನ್ನ ಹತ್ರ ಬೇಕಾದಷ್ಟಿದೆ."

"ನೀನು ಬರೀ ಖಾಲಿ ಕಾಣ್ತೀಯಲ್ಲ?"

"ಕಾಣಲ್ಲ, ಇದೆ. ಲೋಕದಲ್ಲಿ ಎಲ್ಲರೂ ಉಸಿರು ಬಿಡ್ತಾರೆ. ಬಿಟ್ಟ ಉಸಿರನ್ನ ಹೊರೋದು ನಾನು. ಅದರಲ್ಲೇ ಇಂಗಾಲ ಅಡಗಿದೆ. ನಿನ್ನ ಎಲೆ ಬಾಯಿ ತೆಗೆದಿಡು, ಹಾಕಿ ಹೋಗ್ತೀನಿ."

ನಿಂಬಕ್ಕ ಎಲೆಗಳ ಬಾಯಿ ತೆಗೆದಿಟ್ಟಳು. ಗಾಳಿ ಇಂಗಾಲ ಹಾಕಿ ಹೋಯಿತು. ಇಂಗಾಲ ಒಂದೇ ಇದ್ದರೆ ಮಸಿ. ಮಸಿಯನ್ನು ಬಾಣಂತಿಗೆ ಹಚ್ಚುವ ಹಾಗಿಲ್ಲ. ಅವಳು ಬೇರನ್ನು ಚಾಚಿ ಹೊಳೆಯನ್ನು ಕೇಳಿದಳು.

"ಹೊಳೆಯಮ್ಮ, ಎಣ್ಣೆ ಮಾಡಬೇಕು. ನಿಮ್ಮಿಂದ ಸ್ವಲ್ಪ ಬೇಕಿತ್ತು."

"ನೀರಿಂದ ಎಣ್ಣೆ? ಯಾರು ಹೇಳಿದ್ದು, ಹುಣಸಜ್ಜನಾ?"

"ಅಲ್ಲ, ಗಾಳಿ."

"ಹಾಗಿದ್ರೆ ಕೇಳೋಣ, ಹೇಳು."

ನಿಂಬಕ್ಕ ಹೇಳಿದಳು. ಹೊಳೆ ಒಂದು ಸುತ್ತು ಸುಳಿ ತಿರುಗಿ ಯೋಚಿಸಿತು.

"ನನ್ನ ಮನೇಲಿ ಇರೋದು ಇಬ್ಬರ ಕಡೆಯೋರು. ಜಲಜನಕಗಳು, ಪುಕ್ಕದ ಹಾಗೆ ಹಗುರ. ಆಮ್ಲಜನಕ, ಭಾರದೋನು. ಜಲಜನಕ ಬೇಕಾದಷ್ಟು ತಗೊಂಡು ಹೋಗು. ಆಮ್ಲಜನಕನ್ನ ಕೊಡಲ್ಲ. ಮನೆ ನಡೆಸೋನು ಅವನು."

"ಬೇಡ ಬಿಡಿ. ಹಗುರದವೇ ಸಾಕು."

"ಸಾಕು ಅಂತೀಯ, ಆಮೇಲೆ ನನ್ನ ದೂರಬೇಡ. ಅವನಿಲ್ಲದೆ ಮಾಡಿದ ಪದಾರ್ಥ ನನ್ನ ಜೊತೆ ಬೆರೆಯಲ್ಲ."

"ಬೆರೆಯದೆ ಏನು ಮಾಡುತ್ತೆ?"

"ತಲೆ ಮೇಲೆ ಬಂದು ಕೂರುತ್ತೆ. ಎಣ್ಣೆಗಳ ಬುದ್ಧಿಯೇ ಅಷ್ಟು."

ನಿಂಬಕ್ಕ ಜಲಜನಕಗಳನ್ನು ಬೇರಿನಿಂದ ಎಳೆದುಕೊಂಡು, ಎಲೆಯಲ್ಲಿ ಇಂಗಾಲದ ಜೊತೆ ಕೂರಿಸಿದಳು. ಬಿಸಿಲು ಒಲೆ ಹಚ್ಚಿತು. ಬಿಸಿಲು ಯಾರಿಗೂ ಯಾಕೆ ಎಂದು ಕೇಳುವುದಿಲ್ಲ. ಅಡುಗೆ ಇದ್ದರೆ ಬೇಯಿಸುತ್ತದೆ.

ಮೊದಲ ಸಲ ಇಂಗಾಲಗಳನ್ನು ಉದ್ದಕ್ಕೆ ದಾರದ ಹಾಗೆ ಪೋಣಿಸಿದಳು. ಮೇಣವಾಯಿತು. ಚೆಲ್ಲಲು ಮನಸ್ಸಾಗದೆ ಎಲೆಗೆ ಸವರಿಕೊಂಡಳು. ಇವತ್ತಿಗೂ ನಿಂಬೆ ಎಲೆ ಮಿರಿಮಿರಿ ಅನ್ನುವುದು ಆ ಮೇಣದಿಂದ.

ಆಮೇಲೆ ದಾರವನ್ನು ಗಿಡ್ಡ ಮಾಡಿದಳು. ಹತ್ತೇ ಇಂಗಾಲ ತೆಗೆದುಕೊಂಡಳು. ಆರನ್ನು ಬಳೆಯ ಹಾಗೆ ಬಗ್ಗಿಸಿ ಕೈ ಕೈ ಹಿಡಿಸಿದಳು. ಉಳಿದ ನಾಲ್ಕನ್ನು ಬಳೆಯ ಆ ಬದಿಗೊಂದು, ಈ ಬದಿಗೆ ಮೂರು ಅಂಟಿಸಿದಳು. ಸುತ್ತಲೂ ಹದಿನಾರು ಜಲಜನಕ ಕೂರಿಸಿದಳು. ಬಿಸಿಲು ಒಂದು ಹದಕ್ಕೆ ಕಾಸಿತು.

ಎಲೆಯ ಅಂಚಿನಲ್ಲಿ ಒಂದು ಹನಿ ಮೂಡಿತು. ತೆಳ್ಳಗೆ, ತಿಳಿಯಾಗಿ. ಅದರಿಂದ ಒಂದು ವಾಸನೆ ಎದ್ದಿತು. ಅಂಥ ವಾಸನೆ ಪ್ರಪಂಚದಲ್ಲಿ ಮೊದಲು ಇರಲಿಲ್ಲ. ಗಾಳಿ ಹೋಗುತ್ತಿದ್ದದ್ದು ನಿಂತಿತು. ಆಮೆ ಕತ್ತು ಹೊರಗೆ ಹಾಕಿತು.

"ಇದೇನಕ್ಕ, ಮೂಗೆಲ್ಲ ತೊಳೆದ ಹಾಗಾಯ್ತು!" ಎಂದಳು ಪಕ್ಕದಲ್ಲಿದ್ದ ಕಿತ್ತಳೆ. ಅವಳಿನ್ನೂ ಎಳೆಯವಳು, ಕಾಯಿ ಬಿಟ್ಟಿರಲಿಲ್ಲ.

"ಎಣ್ಣೆ" ಅಂದಳು ನಿಂಬಕ್ಕ. ಅವಳಿಗೂ ಸ್ವಲ್ಪ ಆಶ್ಚರ್ಯವಾಗಿತ್ತು.

ಹನಿ ಜಾರಿ ಕೆಳಗಿನ ಎಲೆಯ ಮೇಲೆ ಬಿತ್ತು. ಬಿದ್ದ ಕಡೆ ಎಲೆಯ ಮಿರುಗು ಹೋಯಿತು. ನಿಂಬಕ್ಕ ಬಗ್ಗಿ ನೋಡಿದಳು. ಮೇಣ ಕರಗಿತ್ತು. ಕರಗದೆ ಏನು ಮಾಡುತ್ತದೆ? ಎರಡೂ ಅದೇ ಇಂಗಾಲ, ಅದೇ ಜಲಜನಕ, ಒಂದೇ ಒಲೆಯಲ್ಲಿ ಬೆಂದವು. ನೆಂಟರು ನೆಂಟರನ್ನು ಕಂಡ ಕೂಡಲೇ ಬೆರೆತುಹೋದರು.

ಅವಳು ಮಧ್ಯಾಹ್ನವೆಲ್ಲ ಆ ಮಂಕಾದ ಚುಕ್ಕೆಯನ್ನು ನೋಡುತ್ತಿದ್ದಳು. ಸಂಜೆಗೆ ಗಾಳಿಯನ್ನು ಕರೆದಳು.

"ಗಾಳಿ, ಸೂಜವ್ವನ ಮೈ ಯಾಕೆ ಹಾಗೆ ಹೊಳೆಯುತ್ತೆ?"

"ಮೇಣದ ಅಂಗಿ. ನೊಣಗಳೆಲ್ಲ ತೊಡ್ತಾವೆ. ಇಲ್ಲದಿದ್ರೆ ನಾನು ಬೀಸಿದ ಕೂಡಲೇ ಒಣಗಿಹೋಗ್ತಾವೆ." ಗಾಳಿ ಅವಳ ಎಲೆಯೊಂದನ್ನು ತಿರುವಿ ನೋಡಿತು. "ಯಾಕೆ ಕೇಳಿದೆ?"

"ಸುಮ್ನೆ" ಅಂದಳು ನಿಂಬಕ್ಕ.

ಆವತ್ತಿನಿಂದ ಅವಳು ಒಳಗಿನ ಹುಳಿಯ ಯೋಚನೆ ಬಿಟ್ಟಳು. ಇರುವಷ್ಟು ಇರಲಿ. ತನ್ನ ಕೊನೆಯ ಕೊಂಬೆಯ ಪ್ರತಿ ಕಾಯಿಯ ಸಿಪ್ಪೆಯಲ್ಲೂ ಸಣ್ಣ ಸಣ್ಣ ಗಡಿಗೆಗಳನ್ನು ಹೂತಳು. ಸೂಜಿಯ ಮೊನೆ ಎಲ್ಲಿ ಊರಿದರೂ ಒಂದು ಗಡಿಗೆ ಸಿಗಬೇಕು, ಅಷ್ಟು ಒತ್ತಾಗಿ. ಎಲ್ಲದರಲ್ಲೂ ಎಣ್ಣೆ ತುಂಬಿದಳು. ಎಣ್ಣೆ ಒಳಗಿನ ರಸಕ್ಕೆ ಇಳಿಯದ ಹಾಗೆ ನಡುವೆ ಬಿಳಿ ಗೋಡೆ ಹಾಕಿದಳು. ಬಾಗಿಲಲ್ಲಿ ಇರಬೇಕಾದ್ದು ಬಾಗಿಲಲ್ಲಿರಬೇಕು.

ಸೂಜವ್ವ ಬಂದಳು. ಅಕ್ಕತಂಗಿಯರೂ ಬಂದರು. ಮೂಗು ಇದ್ದವರೆಲ್ಲ ಮೂಗು ಅರಳಿಸಿದರು.

"ಏನಕ್ಕ ಇದು, ಮದುವೆ ಮನೆ ಹಾಗೆ ಘಮ ಘಮ! ಎಣ್ಣೆ ಸಿದ್ಧವಾಯ್ತಾ?"

"ಆಗಿದೆ. ಆದರೆ ನೋಡು ಸೂಜವ್ವ, ಮೊದಲೇ ಹೇಳ್ತೀನಿ. ಈ ಎಣ್ಣೆ ತೆಂಗಿನೆಣ್ಣೆ ಹಾಗಲ್ಲ. ಉರಿಯುತ್ತೆ. ಮೇಣ ಕರಗಿಸುತ್ತೆ. ಬೇಡ ಅಂದ್ರೆ ಈಗಲೇ ಹೇಳು."

ನಿಂಬಕ್ಕ ಇದನ್ನು ಗಟ್ಟಿಯಾಗಿಯೇ ಹೇಳಿದಳು. ಗಾಳಿ ಕೇಳಿಸಿಕೊಂಡಿತು, ಹೊಳೆ ಕೇಳಿಸಿಕೊಂಡಿತು, ಆಮೆ ಕೇಳಿಸಿಕೊಂಡಿತು.

ಸೂಜವ್ವ ಅಕ್ಕತಂಗಿಯರ ಕಡೆ ತಿರುಗಿ ನಕ್ಕಳು. "ಕೇಳಿದ್ರಾ? ಕೊಡೋಕೆ ಮನಸ್ಸಿಲ್ಲ, ಹೆದರಿಸ್ತಿದಾರೆ. ಉರಿದರೆ ಒಳ್ಳೇದೇ ಅಕ್ಕ, ಬಾಣಂತಿಗೆ ಶೀತ ಹೋಗುತ್ತೆ. ಹಾಕಿ ಹಾಕಿ. ನಿಮ್ಮ ಮನೇಲಿ ಎಣ್ಣೆ ಕಾಣೋದೇ ಇವತ್ತು."

"ನಿನ್ನಿಷ್ಟ" ಅಂದಳು ನಿಂಬಕ್ಕ.

ಸೂಜವ್ವ ಎಲ್ಲಕ್ಕಿಂತ ದೊಡ್ಡ ಹಣ್ಣನ್ನು ಆರಿಸಿ, ಸೂಜಿ ಊರಿದಳು. ಗಡಿಗೆ ಒಡೆಯಿತು. ಎಣ್ಣೆ ಚಿಮ್ಮಿ ಸೂಜಿಗೆ, ಕಾಲಿಗೆ, ಹೊಟ್ಟೆಗೆ ಹತ್ತಿತು. ಹತ್ತಿದ ಕಡೆ ಮೇಣದ ಅಂಗಿ ಇಲ್ಲವಾಯಿತು.

"ಅಯ್ಯಯ್ಯೋ! ಉರಿ ಉರಿ! ನೀರು ಹಾಕಿ ನೀರು!"

ಎಣ್ಣೆನೀರಿನಲ್ಲಿ ಎಣ್ಣೆಯಾದ ಮೇಲೆ ನೀರು ತಾನೆ? ಅವಳು ಹೊಳೆಗೆ ಹಾರಿ ಮುಳುಗಿ ಎದ್ದಳು. ಎಣ್ಣೆ ನೀರಿನಲ್ಲಿ ಬೆರೆಯಲಿಲ್ಲ. ಮೈಯಲ್ಲಿ ಅರ್ಧ ಉಳಿಯಿತು, ಹೊಳೆಯ ತಲೆಯ ಮೇಲೆ ಅರ್ಧ ಕುಳಿತಿತು. "ಹೇಳಿರಲಿಲ್ವಾ ನಾನು!" ಎಂದು ಹೊಳೆ ಗೊಣಗಿತು. ಅಕ್ಕತಂಗಿಯರು ಅಷ್ಟರಲ್ಲಿ ಊರಾಚೆ ಹೋಗಿದ್ದರು. ಅವಸರದಲ್ಲಿ ಸಿಪ್ಪೆಯೊಳಗೆ ಉದುರಿದ್ದ ಮೊಟ್ಟೆಗಳು ಎಣ್ಣೆಯಲ್ಲೇ ಉಳಿದವು. ಒಂದೂ ಒಡೆಯಲಿಲ್ಲ.

ಸೂಜವ್ವ ಅಲ್ಲಿಗೇ ಬಿಡುವವಳಲ್ಲ. ಹುಣಸಜ್ಜನ ನೆರಳಿಗೆ ಹೋಗಿ ದೂರು ಕೊಟ್ಟಳು. ಎಲ್ಲರೂ ಸೇರಿದರು. ನಿಂಬಕ್ಕ ಕಟ್ಟಳೆ ಮುರಿದಿದ್ದರೆ ಅವಳನ್ನು ಬೇರುಸಹಿತ ಹೊಳೆಗೆ ಬಿಡಬೇಕು, ಅದು ಶಿಕ್ಷೆ. ಕೊನೆಯ ಕೊಂಬೆಯಲ್ಲಿ ಹಣ್ಣುಗಳು ಇನ್ನೂ ಬಲಿಯುತ್ತಿದ್ದವು. ನಿಂಬಕ್ಕ ಬೇರನ್ನು ಬಿಗಿಹಿಡಿದು ನಿಂತಳು.

"ಹೆರಿಗೆಗೆ ಬಂದೋಳನ್ನ ಓಡಿಸಿದಳು ಅಜ್ಜ!"

"ನಾನು ಓಡಿಸಲಿಲ್ಲ" ಅಂದಳು ನಿಂಬಕ್ಕ. "ಬಾ ಅಂದೆ. ಜಾಗ ಕೊಟ್ಟೆ. ಎಣ್ಣೆನೀರು ಸಾಲದು ಅಂದಳು, ಎಣ್ಣೆ ಮಾಡಿದೆ. ಉರಿಯುತ್ತೆ ಅಂದೆ. ಹಾಕಿ ಅಂದಳು. ಇದರಲ್ಲಿ ಕಟ್ಟಳೆ ಎಲ್ಲಿ ಮುರಿಯಿತು, ಅದನ್ನ ಹೇಳಿ."

"ಹೌದು, ಹೇಳಿದಳು" ಅಂದಿತು ಗಾಳಿ.

"ನಾನೂ ಕೇಳಿದೆ" ಅಂದಿತು ಹೊಳೆ.

ಆಮೆ ಕೂಡ ತಲೆ ಆಡಿಸಿತು. ಆಮೆ ತಲೆ ಆಡಿಸಿದರೆ ಮಾತು ಮುಗಿದ ಹಾಗೆ, ಯಾಕೆಂದರೆ ಅದಕ್ಕೆ ತಲೆ ಹೊರಗೆ ಹಾಕುವುದೇ ದೊಡ್ಡ ಕೆಲಸ.

"ಜಾಗ ಈಗಲೂ ಇದೆ ಸೂಜವ್ವ" ಅಂದಳು ನಿಂಬಕ್ಕ. "ಗಡಿಗೆ ತುಂಬಿಟ್ಟಿದೀನಿ. ಬರ್ತೀಯಾ?"

ಸೂಜವ್ವ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ನಿಮ್ಮ ಮನೆ ಎಣ್ಣೆ ನಿಮಗೇ ಇರಲಿ" ಎಂದು ಸೀಬೆ ಮರದ ಕಡೆ ಹಾರಿದಳು. ಸೀಬೆ ಒಳ್ಳೆಯವಳು, ಮೆತ್ತನೆಯವಳು, ಜಗಲಿಯಲ್ಲಿ ಏನೂ ಇಟ್ಟಿರಲಿಲ್ಲ.

ಹುಣಸಜ್ಜ ಗಂಟಲು ಸರಿಮಾಡಿಕೊಂಡ. "ತಪ್ಪಿಲ್ಲ" ಅಂದ. "ನಾನು ಮೊದಲೇ ಹೇಳಿದ್ದೆ. ಹುಳಿ ಜಾಸ್ತಿ ಮಾಡು ಅಂದೆ. ಮಾಡಿದಳು. ನೊಣ ಓಡಿತು. ಕೊನೆಗೂ ನಿಂಬೆಯನ್ನ ಕಾದದ್ದು ಹುಳಿಯೇ."

ಎಲ್ಲರೂ ಹೌದು ಹೌದು ಅಂದರು. ಈಗ ತಾನೇ ಕಣ್ಣಾರೆ ಕಂಡವರೂ ಹೌದು ಅಂದರು.

"ಅಜ್ಜ, ಅದು ಎಣ್ಣೆ" ಅಂದಳು ನಿಂಬಕ್ಕ.

"ಹುಳಿಯ ಎಣ್ಣೆ" ಅಂದ ಹುಣಸಜ್ಜ. ಹೇಳಿ ಮೈ ಕೊಡವಿದ. ಕಾಯಿಗಳೊಳಗೆ ಕರಕರ ಅಂದಿತು. ನಿಂಬಕ್ಕ ಕೇಳಿಸಿಕೊಂಡಳು. ಅವಳಿಗೆ ಆಗ ಅರ್ಥವಾಯಿತು. ಆದರೆ ಅವಳ ಹಣ್ಣು ಉಳಿದಿತ್ತು, ಅವನ ಹುಳಿಯನ್ನು ಕಟ್ಟಿಕೊಂಡು ಅವಳಿಗೇನಾಗಬೇಕು?

ಹಣ್ಣು ಬಲಿಯಿತು. ಬಿತ್ತು. ಈ ಸಲ ಬಿದ್ದ ಹಣ್ಣಿನಲ್ಲಿ ಬೀಜ ಬಲಿತಿತ್ತು. ಮಳೆ ಬಂದ ಮೇಲೆ ನಿಂಬಕ್ಕನ ಕಾಲಬುಡದಲ್ಲಿ ಹುಲ್ಲಿನ ನಡುವೆ ಎರಡೆಲೆ ತಲೆಯೆತ್ತಿದವು, ಮಿರಿಮಿರಿ ಹಸಿರು. ಗಾಳಿ ಮೆಲ್ಲಗೆ ಮುಟ್ಟಿತು. ವಾಸನೆ ಬಂತು. ನಿಂಬಕ್ಕನ ಒಣಕೊಂಬೆಯಲ್ಲಿ ಒಂದು ಚಿಗುರು ಒಡೆಯಿತು.

ಹೊಳೆಗೆ ಒಂದು ಮನಸ್ಸಾಯಿತು. "ನಿಂಬಕ್ಕ, ಆವತ್ತು ಆಮ್ಲಜನಕನ್ನ ಕೊಡಲ್ಲ ಅಂದೆ. ಮಗು ಹುಟ್ಟಿದೆ. ಬರಿಗೈಲಿ ಹೇಗೆ ನೋಡಲಿ? ಒಬ್ಬನ್ನ ತಗೋ."

ನಿಂಬಕ್ಕ ಆ ಒಬ್ಬನನ್ನು ತನ್ನ ಎಣ್ಣೆಯ ಒಂದು ಪಾಲಿಗೆ ಸೇರಿಸಿದಳು. ಅದೇ ಹತ್ತು ಇಂಗಾಲ, ಅದೇ ಹದಿನಾರು ಜಲಜನಕ, ಜೊತೆಗೆ ಒಂದು ಆಮ್ಲಜನಕ. ಬಳೆ ಬಿಚ್ಚಿ ಸರವಾಯಿತು, ಸರದ ತುದಿಯಲ್ಲಿ ಅವನು ಕುಳಿತ. ವಾಸನೆ ಚುರುಕಾಯಿತು. ಕಣ್ಣು ಮುಚ್ಚಿಕೊಂಡರೂ ಇದು ನಿಂಬೆಯೇ ಎಂದು ಗೊತ್ತಾಗುವಂಥ ವಾಸನೆ.

ಪಕ್ಕದ ಕಿತ್ತಳೆ ನೋಡುತ್ತಾ ಎಣ್ಣೆ ಮಾಡುವುದನ್ನು ಕಲಿತಳು. ಬಳೆಯವರೆಗೆ ಕಲಿತಳು. ಅಷ್ಟಕ್ಕೇ ಸಾಕು ಅಂದಳು, ಹೊಳೆಯ ಹತ್ತಿರ ಮತ್ತೆ ಕೇಳಲು ಅವಳಿಗೆ ಸೋಮಾರಿತನ. ಅದಕ್ಕೇ ಕಿತ್ತಳೆ ಸಿಪ್ಪೆಯ ಎಣ್ಣೆಯೆಲ್ಲ ಹೆಚ್ಚುಕಡಿಮೆ ಬರೀ ಬಳೆಗಳೇ, ಕಿತ್ತಳೆಯ ವಾಸನೆ ನಿಂಬೆಗಿಂತ ಮೃದು. ಚಕ್ಕೋತ, ಹೇರಳೆ, ಇವರೆಲ್ಲ ಅವಳಿಂದಲೂ ಇವಳಿಂದಲೂ ಅಷ್ಟಿಷ್ಟು ಕಲಿತವರು.

ಮನುಷ್ಯರು ಬಂದದ್ದು ಎಷ್ಟೋ ಕಾಲದ ಮೇಲೆ. ಅವರಲ್ಲಿ ಚೆನ್ನಾಜಮ್ಮ ಎನ್ನುವ ಮುದುಕಿ ಒಂದು ದಿನ ಹಲಸಿನ ಹಣ್ಣು ಬಿಡಿಸಿ ಕೈಯೆಲ್ಲ ಅಂಟು ಮಾಡಿಕೊಂಡಳು. ನೀರಲ್ಲಿ ತಿಕ್ಕಿದಳು, ಹೋಗಲಿಲ್ಲ. ಮಗ್ಗುಲಲ್ಲಿ ರಸ ಹಿಂಡಿ ಬಿಸಾಡಿದ್ದ ನಿಂಬೆ ಸಿಪ್ಪೆ ಬಿದ್ದಿತ್ತು. ಸಿಟ್ಟಿನಲ್ಲಿ ಅದನ್ನೇ ತೆಗೆದು ಹಳದಿ ಮಗ್ಗುಲಿಂದ ಗಸಗಸ ಉಜ್ಜಿದಳು. ಅಂಟು ಬಿಟ್ಟಿತು.

"ಅಲ್ಲ ಕಣೇ, ಇಷ್ಟು ದಿನ ಬಿಸಾಡಿದ್ದೇ ಕೆಲಸದ್ದು!" ಅಂದಳು ಸೊಸೆಗೆ.

"ಅದು ಹುಳಿಗೆ ಹೋಗಿರುತ್ತೆ ಬಿಡಿ ಅತ್ತೆ" ಅಂದಳು ಸೊಸೆ.

"ಹುಳಿ ಎಲ್ಲಿದೆಯೇ ಇದರಲ್ಲಿ? ಆಗಲೇ ಹಿಂಡಿ ಕುಡಿದಿದೀಯ."

ಸೊಸೆ ಒಪ್ಪಲಿಲ್ಲ. ಅವಳೊಬ್ಬಳೇ ಅಲ್ಲ. ಜನ ಸಿಪ್ಪೆಯ ಎಣ್ಣೆಯನ್ನು ಸಾಬೂನಿಗೆ ಹಾಕಿದರು, ನೆಲ ಒರೆಸುವ ನೀರಿಗೆ ಹಾಕಿದರು, ಮಿಠಾಯಿಗೆ ಹಾಕಿದರು, ಜಿಡ್ಡು ತೆಗೆಯಲು ಬಳಸಿದರು. ಎಲ್ಲ ಮಾಡಿ, ನಿಂಬೆಯ ಗುಣ ಹುಳಿಯಲ್ಲಿದೆ ಅಂದರು. ಕೆಟ್ಟ ದೃಷ್ಟಿ ತಾಗಬಾರದೆಂದು ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರು. ಆ ದೃಷ್ಟಿಯನ್ನು ಯಾರೂ ನೋಡಿಲ್ಲ, ಆದ್ದರಿಂದ ಅದು ಓಡಿತೋ ಇಲ್ಲವೋ ಹೇಳುವುದು ಕಷ್ಟ. ಸಿಪ್ಪೆ ಉಜ್ಜಿದ ಕಡೆಯಿಂದ ಇರುವೆಗಳು ಸುತ್ತು ಹಾಕಿ ಹೋದವು. ಅದನ್ನು ಬೇಕಾದವರು ಕೂತು ನೋಡಬಹುದು.

ಇವತ್ತಿಗೂ ಕಿತ್ತಳೆ ಸುಲಿಯುವಾಗ ಮುಖಕ್ಕೆ ತುಂತುರು ಚಿಮ್ಮಿ ಕಣ್ಣು ಚುರುಗುಟ್ಟುತ್ತದಲ್ಲ, ಅದು ನಿಂಬಕ್ಕನಿಂದ ಕಲಿತು ಹೂತಿಟ್ಟ ಗಡಿಗೆ ಒಡೆದದ್ದು. ಸಿಪ್ಪೆಯನ್ನು ಬೆಳಕಿಗೆ ಹಿಡಿದರೆ ಗಡಿಗೆಗಳು ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ. ದೊಡ್ಡವರು ಪಕ್ಕದಲ್ಲಿದ್ದಾಗ ಸಿಪ್ಪೆಯನ್ನು ಮಡಚಿ ದೀಪದ ಕಡೆ ಹಿಂಡಿ ನೋಡಿ, ಚಿಟಚಿಟ ಎಂದು ಕಿಡಿ ಹಾರುತ್ತದೆ. ಗಾಳಿ ಕೊಟ್ಟ ಇಂಗಾಲ, ಹೊಳೆ ಕೊಟ್ಟ ಜಲಜನಕ ಮತ್ತೆ ಬಿಸಿಲಾಗಿ ಹೊರಡುವುದು ಹಾಗೆ. ಸೀಬೆಹಣ್ಣು ಕಚ್ಚುವ ಮೊದಲು ಮಾತ್ರ ಒಳಗೆ ನೋಡಿಕೊಳ್ಳಿ. ಸೂಜವ್ವನ ವಂಶದವರು ಇರಬಹುದು.

ನಿಂಬೆಯನ್ನು ಕಾಯುವುದು ಹುಳಿಯೇ ಎಂದು ಯಾರಾದರೂ ಹೇಳಿದರೆ, ವಾದ ಮಾಡಬೇಡಿ. ಹುಳಿಗೆಲ್ಲ ಅಜ್ಜನಾದ ಹುಣಸೆಯ ಹಳೆಯ ಕಾಯಿಗಳನ್ನು ಅವರ ಕೈಗೆ ಕೊಟ್ಟು, ಬಿಡಿಸಿ ನೋಡಲು ಹೇಳಿ.

ಹುಳ ಇರುತ್ತದೆ.